ನಕ್ಷತ್ರ, ಇಪ್ಪತ್ತು ಸಲ

ನಮ್ಮ ಅಣ್ಣನ ಮಗಳು ಎರಡನೇ ಕ್ಲಾಸು. ಮೊನ್ನೆ ‘ನಕ್ಷತ್ರ’ ಅಂತ ಇಪ್ಪತ್ತು ಸಲ ಬರೆಯೋ ಹೋಂವರ್ಕ್ ಇತ್ತು. ಅವಳು ಮೇಲಿಂದ ಕೆಳಗೆ ಸಾಲಾಗಿ ಬರೀ ‘ನ’ ಬರೆದಳು. ಪಕ್ಕದಲ್ಲಿ ‘ಕ್ಷ’ ಸಾಲು, ಆಮೇಲೆ ‘ತ್ರ’ ಸಾಲು. ಚಕಚಕ ಮುಗಿಯಿತು. ಪುಸ್ತಕ ಮುಚ್ಚಿಸಿ ಒಂದೇ ಒಂದು ಸಲ ಬರಿ ಅಂದೆ. ‘ನಕ್ಷತ’ ಬಂತು.

ಅವಳದ್ದು ಸೋಮಾರಿತನ ಅಲ್ಲ, ಜಾಣತನ. ನಾವೂ ಚಿಕ್ಕವರಿದ್ದಾಗ ಹೀಗೇ ಬರೆದವರು, ಅಲ್ವಾ? ಆದರೆ ಇಪ್ಪತ್ತು ಸಲ ಬರೆದರೂ ಆ ಪದ ತಲೆಗೆ ಒಂದು ಸಲವೂ ಬಂದಿರಲಿಲ್ಲ. ನೆನಪು ಗಟ್ಟಿಯಾಗುವುದು ನೋಡಿ ಇಳಿಸಿದಾಗ ಅಲ್ಲ, ನೋಡದೆ ತಲೆಯಿಂದ ಹೊರಗೆ ತೆಗೆದಾಗ. ಅದೂ ಒಂದೇ ಸಂಜೆ ಇಪ್ಪತ್ತು ಸಲಕ್ಕಿಂತ, ದಿನ ಬಿಟ್ಟು ದಿನ ಎರಡೆರಡು ಸಲ ಕೇಳಿದರೆ ಜಾಸ್ತಿ ಉಳಿಯುತ್ತದೆ. ನಡುವೆ ಸ್ವಲ್ಪ ಮರೆತಿರಬೇಕು. ತಡಕಾಡಿ ಹುಡುಕಿದರೇನೇ ಪದ ಊರುವುದು.

ಹಾಗಾದರೆ ಪುಟ್ಟ ಮಕ್ಕಳಿಗೆ ಹೋಂವರ್ಕಿನಿಂದ ಲಾಭವೇ ಇಲ್ಲವೇ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹದಿನಾರು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಹಾಕಿ 2006ರಲ್ಲಿ ಅಳೆದು ನೋಡಿದರು. ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ಹೈಸ್ಕೂಲಿನ ಕಡೆ ಗಟ್ಟಿಯಾಗಿ ಕಂಡಿತು. ಚಿಕ್ಕ ಕ್ಲಾಸುಗಳಲ್ಲಿ ತೀರಾ ತೆಳು. ಪುಟಾಣಿಗಳಿಗೆ ಗಮನ ಹಿಡಿದಿಡುವ ಶಕ್ತಿ ಕಡಿಮೆ, ಒಬ್ಬರೇ ಕೂತು ಓದುವ ರೂಢಿಯೂ ಬಂದಿರುವುದಿಲ್ಲ. ಇನ್ನೊಂದು ಸಂಗತಿಯೂ ಇದೆ: ಪಾಠ ಅರ್ಥವಾಗದ ಮಗುವೇ ಹೋಂವರ್ಕಿನ ಮುಂದೆ ಜಾಸ್ತಿ ಹೊತ್ತು ಕೂರುತ್ತದೆ. ಹಾಗಾಗಿ ಬರೀ ಗಂಟೆ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ.

ನಮ್ಮಲ್ಲೂ ನಿಯಮ ಇಲ್ಲದೆ ಇಲ್ಲ. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿ ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಬೇಡ ಅನ್ನುತ್ತದೆ. ಮೂರರಿಂದ ಐದನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ದಿನಕ್ಕಲ್ಲ, ವಾರಕ್ಕೆ! ಮಕ್ಕಳ ಸ್ಕೂಲ್ ಡೈರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಟೀಚರನ್ನಷ್ಟೇ ದೂರುವಂತಿಲ್ಲ ಬಿಡಿ. ಎರಡು ದಿನ ಹೋಂವರ್ಕ್ ಬರದಿದ್ದರೆ ‘ಸ್ಕೂಲಲ್ಲಿ ಏನೂ ಹೇಳಿಕೊಡಲ್ಲ’ ಅಂತ ಗೊಣಗುವವರು ನಾವೇ.

ಎರಡು ದಿನ ಬಿಟ್ಟು, ರಾತ್ರಿ ಊಟ ಮಾಡುವಾಗ ಅವಳನ್ನು ಸುಮ್ನೆ ಕೇಳಿದೆ. ಅನ್ನದ ಕೈಯಲ್ಲೇ ತಟ್ಟೆಯ ಅಂಚಿನ ಮೇಲೆ ಬರೆಯತೊಡಗಿದಳು. ‘ತ’ ಬರೆದು ನಿಲ್ಲಿಸಿದಳು. ಸ್ವಲ್ಪ ಯೋಚಿಸಿ, ಕೆಳಗೊಂದು ಕೊಂಡಿ ಎಳೆದಳು.