ಅಜೆಂಡಾದ ಕೊನೆಯ ಸಾಲು

ಮಹಾಸಭೆಯ ನೋಟಿಸಿನ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ‘ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು’. ಸಂಘದ ಜಗಳ ಹೊತ್ತು ನನ್ನ ಆಫೀಸಿಗೆ ಬರುವವರಲ್ಲಿ ಅರ್ಧ ಜನ ಎಡವಿದ್ದು ಈ ಸಾಲಿನಲ್ಲೇ.

ಕಳೆದ ವರ್ಷ ಉಡುಪಿ ಕಡೆಯ ಒಂದು ಮಂಡಳಿಯವರು ಮೂವರು ಬಂದರು. ಬಟ್ಟೆ ಅಂಗಡಿಯ ಚೀಲದಲ್ಲಿ ನಡಾವಳಿ ಪುಸ್ತಕ. ಮಂಡಳಿ ಕಟ್ಟಡದ ಕೆಳಗಿನ ಹಾಲ್ ಅನ್ನು ಹತ್ತು ವರ್ಷಕ್ಕೆ ಅಂಗಡಿಗೆ ಬಾಡಿಗೆ ಕೊಡಲು ನಿರ್ಣಯ ಆಗಿದೆ, ಈಗ ಕೆಲವರು ತಕರಾರು ತೆಗೆದಿದ್ದಾರೆ.

“ಎಲ್ಲರೂ ಕೈ ಎತ್ತಿದ್ದಾರೆ ವಕೀಲ್ರೇ, ಒಬ್ಬರೂ ಬೇಡ ಅನ್ಲಿಲ್ಲ. ಇನ್ನೇನು ಬೇಕು ಮಾರಾಯ್ರೆ?”

ಪುಸ್ತಕ ತೆರೆದೆ. ವರದಿ, ಲೆಕ್ಕಪತ್ರ, ಆಡಿಟರ್ ನೇಮಕ ಎಲ್ಲ ಕಪ್ಪು ಶಾಯಿಯಲ್ಲಿ. ಧನ್ಯವಾದವೂ ಆಗಿದೆ. ಧನ್ಯವಾದಕ್ಕೂ ಅಧ್ಯಕ್ಷರ ಸಹಿಗೂ ನಡುವಿನ ಜಾಗದಲ್ಲಿ ನೀಲಿ ಶಾಯಿಯ ಎರಡು ಸಣ್ಣ ಸಾಲು. ಅನುಮೋದಕರ ಹೆಸರು ಜಾಗ ಸಾಲದೆ ಅಂಚಿಗೆ ಹತ್ತಿದೆ. ಹಾಜರಿಯಲ್ಲಿ 46 ಸಹಿ. ಕೈ ಎತ್ತುವಾಗ ಎಷ್ಟು ಜನ ಇದ್ದರು ಎಂದು ಕೇಳಿದೆ. ಮುಖ ಮುಖ ನೋಡಿಕೊಂಡರು. “ಗೋಳಿಬಜೆ ಬಂದಿತ್ತು, ಸ್ವಲ್ಪ ಜನ ಹೊರಗಿದ್ರು.”

ಕೈ ಎತ್ತಿದವರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಪ್ರಶ್ನೆ ಮನೆಯಲ್ಲಿ ಕೂತವರದ್ದು. ಅವರು ನೋಟಿಸು ಓದಿಯೇ ಕೂತವರು. ವರದಿ, ಲೆಕ್ಕ ತಾನೇ, ಹೋಗದಿದ್ದರೂ ನಡೆಯುತ್ತದೆ ಅಂದುಕೊಂಡರು. ಹಾಲ್ ಬಾಡಿಗೆಯ ವಿಷಯ ಎಂದು ಬರೆದಿದ್ದರೆ ಮುಂಬೈಯಿಂದ ಮತ್ಸ್ಯಗಂಧ ರೈಲು ಹತ್ತಿಯಾದರೂ ಬರುತ್ತಿದ್ದರು. ಸಭೆಗೆ ಹೋಗಬೇಕೋ ಬೇಡವೋ ಎಂದು ಸದಸ್ಯ ತೀರ್ಮಾನಿಸುವುದು ನೋಟಿಸು ನೋಡಿ, ಅಲ್ವಾ? ‘ಅಧ್ಯಕ್ಷರೇ ಅನುಮತಿ ಕೊಟ್ಟಿದ್ದಾರಲ್ಲ’ ಅನ್ನುತ್ತಾರೆ. ಅಧ್ಯಕ್ಷರು ಮಾತಾಡಲು ಅನುಮತಿ ಕೊಡಬಹುದು. ಬಾರದವರ ಪರವಾಗಿ ಒಪ್ಪಿಗೆ ಕೊಡಲು ಅವರು ಯಾರು? ನಲ್ಲಿ ಸೋರುತ್ತದೆ, ಯಾರಿಗೋ ಅಭಿನಂದನೆ ಹೇಳಬೇಕು: ‘ಇತರ ವಿಷಯ’ ಇರುವುದು ಇಂಥದ್ದಕ್ಕೆ. ಆಸ್ತಿ, ಚಂದಾ, ಬೈಲಾ (ಸಂಘದ ನಿಯಮಾವಳಿ) ತಿದ್ದುಪಡಿ, ಪದಾಧಿಕಾರಿಯನ್ನು ತೆಗೆಯುವುದು, ಇವನ್ನು ದಯವಿಟ್ಟು ಅಲ್ಲಿ ತುರುಕಬೇಡಿ.

ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಹಾಜರಿ, ಇಲ್ಲವೆಂದು ಅರ್ಧ ಗಂಟೆ ಬಿಟ್ಟು ಇದ್ದವರಲ್ಲೇ ಸಭೆ ನಡೆಸಲು ಎಷ್ಟೋ ಬೈಲಾಗಳಲ್ಲಿ ಅವಕಾಶ ಇದೆ. ಆಗಲೂ ಅದೇ ಅಜೆಂಡಾ, ಹೊಸದೇನೂ ಸೇರಿಸುವಂತಿಲ್ಲ. ಅಪಾರ್ಟ್‌ಮೆಂಟಿನವರ ದಾರಿ ಬೇರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇರುವಲ್ಲಿ ಮತದ ಲೆಕ್ಕ ಫ್ಲಾಟಿನ ಪಾಲಿನ ಮೇಲೆ ಹೋಗುತ್ತದೆ.

ಹಾಗೆಂದು ಇಂಥ ನಿರ್ಣಯ ಪ್ರತಿ ಸಲವೂ ಬಿದ್ದೇ ಹೋಗುತ್ತದೆ ಎಂದು ನಾನು ಹೇಳಲಾರೆ. ಬೈಲಾ ನೋಡದೆ ಹೇಳುವ ವಕೀಲರನ್ನು ನಂಬಬೇಡಿ. ಆದರೆ 1960ರ ಸಂಘಗಳ ನೋಂದಣಿ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಮೂರನೇ ಒಂದು ಪಾಲು ಸದಸ್ಯರು ಅರ್ಜಿ ಹಾಕಿದರೆ ರಿಜಿಸ್ಟ್ರಾರರ ವಿಚಾರಣೆ ಬರುತ್ತದೆ. ಆಗ ಆ ನೀಲಿ ಶಾಯಿಗೆ ಉತ್ತರ ಕೊಡಬೇಕಾಗುತ್ತದೆ.

“ನಿಮ್ಮ ಬೈಲಾ ಎಲ್ಲಿ?” ಅಂದೆ. ಇರಲಿಲ್ಲ. 1997ಕ್ಕಿಂತ ಮೊದಲು, ಉಡುಪಿ ಜಿಲ್ಲೆ ಆಗುವ ಮುಂಚೆ ನೋಂದಣಿಯಾದ ಮಂಡಳಿ. ಸರ್ಟಿಫಿಕೇಟಿನಲ್ಲಿ ದಕ್ಷಿಣ ಕನ್ನಡ ಎಂದೇ ಇದೆ. ಬೈಲಾದ ಪ್ರತಿ ಕೊನೆಗೆ ತೀರಿಹೋದ ಕಾರ್ಯದರ್ಶಿಯೊಬ್ಬರ ಮನೆಯ ಟ್ರಂಕಿನಲ್ಲಿ ಸಿಕ್ಕಿತು, ಗೆದ್ದಲು ಒಂದು ಮೂಲೆ ಮಾತ್ರ ತಿಂದಿತ್ತು.

ಒಂದೇ ವಿಷಯ ಬರೆದು ವಿಶೇಷ ಮಹಾಸಭೆ ಕರೆಸಿದೆ. ನೂರಕ್ಕೂ ಜಾಸ್ತಿ ಜನ ಬಂದರು. ನಿರ್ಣಯ ಮತ್ತೆ ಪಾಸಾಯಿತು, ತಕರಾರು ತೆಗೆದವರೂ ಕೈ ಎತ್ತಿದರು. ಬಾಡಿಗೆ ಮಾತ್ರ ಮೊದಲಿನದಕ್ಕಿಂತ ಎರಡು ಸಾವಿರ ಏರಿತ್ತು. ಗೋಳಿಬಜೆ ಸಾಲಲಿಲ್ಲವಂತೆ.