ಮತಗಟ್ಟೆ ಎಲ್ಲಿಗೆ ಹೋಯ್ತು?

ಅಮೆರಿಕದ ನ್ಯಾಯ ಇಲಾಖೆಯ ಮತದಾನ ವಿಭಾಗದಲ್ಲಿ ವಕೀಲಳಾಗಿದ್ದೆ ಅಂದರೆ ಸಾಕು, ‘ಕೋರ್ಟಿನಲ್ಲಿ ಜೋರಾಗಿ ವಾದ ಮಾಡ್ತಿದ್ರಾ?’ ಅಂತ ಕೇಳುತ್ತಾರೆ. ವಾದ ಮಾಡಿದ್ದು ಕಡಿಮೆ. ಫೋನ್ ಮಾಡಿದ್ದೇ ಜಾಸ್ತಿ.

ಜನಾಂಗದ ಕಾರಣಕ್ಕೆ ಯಾರ ಮತಕ್ಕೂ ಅಡ್ಡಿಯಾಗಬಾರದು ಅಂತ ಬಂದ 1965ರ ಮತದಾನ ಹಕ್ಕು ಕಾಯ್ದೆಯಲ್ಲಿ ಸೆಕ್ಷನ್ 5 ಅಂತ ಒಂದಿದೆ. ಅಲಬಾಮಾ, ಮಿಸಿಸಿಪ್ಪಿ ಸೇರಿ 9 ಇಡೀ ರಾಜ್ಯಗಳು ಮತ್ತು ಬೇರೆ ಕಡೆಯ ಕೆಲವು ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಇದರ ಅಡಿಯಲ್ಲಿದ್ದವು. ಇವರು ಕ್ಷೇತ್ರದ ನಕ್ಷೆ ಬದಲಿಸಲಿ, ಒಂದು ಮತಗಟ್ಟೆಯನ್ನು ರಸ್ತೆಯ ಆಚೆಗೆ ಒಯ್ಯಲಿ, ಮೊದಲೇ ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. ನೋಡಿ ಹೇಳಲು ನಮಗೆ 60 ದಿನ.

ಒಮ್ಮೆ ಒಂದು ಸಣ್ಣ ಕೌಂಟಿಯಿಂದ ಎರಡು ಪುಟದ ಪತ್ರ ಬಂತು. ಶಾಲೆಯಲ್ಲಿದ್ದ ಮತಗಟ್ಟೆಯನ್ನು ಮೂರು ಮೈಲಿ ಆಚೆಯ ಹೊಸ ಕಟ್ಟಡಕ್ಕೆ ಒಯ್ಯುತ್ತೇವೆ, ಅಲ್ಲಿ ಪಾರ್ಕಿಂಗ್ ಚೆನ್ನಾಗಿದೆ ಅಂತ ಬರೆದಿದ್ದರು. ಓದಿದರೆ ತಪ್ಪೇನೂ ಕಾಣಲಿಲ್ಲ. ಆದರೂ ಆ ಊರಿನ ಕಪ್ಪು ಜನರ ಚರ್ಚಿನ ಪಾದ್ರಿಗೆ ಫೋನ್ ಹಚ್ಚಿದೆ. ‘ಮೇಡಂ, ಶಾಲೆಗೆ ನಮ್ಮವರು ನಡೆದೇ ಹೋಗ್ತಾರೆ. ಹೊಸ ಜಾಗಕ್ಕೆ ಹೋಗಲು ಹೆದ್ದಾರಿ ದಾಟಬೇಕು. ಕಾರಿಲ್ಲದವರು ಪಾರ್ಕಿಂಗ್ ತಗೊಂಡು ಏನು ಮಾಡಲಿ?’ ಅಂದರು. ಆ ಹೆದ್ದಾರಿ ಪತ್ರದಲ್ಲಿ ಇರಲೇ ಇಲ್ಲ! ಹೆಚ್ಚಿನ ಮಾಹಿತಿ ಕೊಡಿ ಅಂತ ಕೌಂಟಿಗೆ ಬರೆದೆ. ಹಾಗೆ ಕೇಳಿದರೆ, ಉತ್ತರ ಬಂದ ದಿನದಿಂದ 60 ದಿನದ ಲೆಕ್ಕ ಮತ್ತೆ ಶುರು. ತಿಂಗಳೊಳಗೆ ಅವರೇ ಅರ್ಜಿ ವಾಪಸ್ ತಗೊಂಡರು. ಯಾರ ಮತಕ್ಕೂ ತೊಂದರೆಯಿಲ್ಲ ಅಂತ ತೋರಿಸುವ ಹೊಣೆ ಅವರದಾಗಿತ್ತು, ನೋಡಿ. ಈ ವ್ಯವಸ್ಥೆಯ ಶಕ್ತಿಯೆಲ್ಲ ಅಲ್ಲೇ ಇತ್ತು.

2013ರಲ್ಲಿ ಶೆಲ್ಬಿ ಕೌಂಟಿ ಪ್ರಕರಣ ಬಂತು. ಯಾವ ರಾಜ್ಯಗಳು ಒಪ್ಪಿಗೆ ಕೇಳಬೇಕು ಅನ್ನುವ ಸೂತ್ರ ಹಳೆಯದಾಯಿತು ಅಂತ ಸುಪ್ರೀಂ ಕೋರ್ಟ್ 5–4ರಲ್ಲಿ ಅದನ್ನು ತೆಗೆದುಹಾಕಿತು. ಸೆಕ್ಷನ್ 5 ಪುಸ್ತಕದಲ್ಲಿ ಹಾಗೇ ಉಳಿಯಿತು. ನಮ್ಮ ಮೇಜಿಗೆ ಪತ್ರ ಬರುವುದು ಮಾತ್ರ ನಿಂತಿತು.

ಆಮೇಲೆ ನಮ್ಮ ಕೈಯಲ್ಲಿದ್ದದ್ದು ಮುಖ್ಯವಾಗಿ ಸೆಕ್ಷನ್ 2. ಮತದಾನದಲ್ಲಿ ಜನಾಂಗೀಯ ತಾರತಮ್ಯ ಮಾಡಬಾರದು ಅನ್ನುವ ಅದು ಇಡೀ ದೇಶಕ್ಕೆ ಅನ್ವಯಿಸುತ್ತದೆ. ಕೆಟ್ಟ ಉದ್ದೇಶವಿತ್ತು ಅಂತ ತೋರಿಸಬೇಕಿಲ್ಲ, ಪರಿಣಾಮ ತೋರಿಸಿದರೆ ಸಾಕು ಅಂತ 1982ರಲ್ಲಿ ಕಾಂಗ್ರೆಸ್ಸೇ, ಅಂದರೆ ಅಮೆರಿಕದ ಸಂಸತ್ತೇ, ತಿದ್ದಿತ್ತು. ಕೇಳಲು ಸುಲಭ, ಅಲ್ವಾ? ಆದರೆ ಇಲ್ಲಿ ದಾವೆ ಹೂಡುವವರು ನಾವು, ಸಾಬೀತು ಮಾಡಬೇಕಾದವರೂ ನಾವು. ನಕ್ಷೆಯ ಕೇಸಾದರೆ ಹತ್ತಾರು ಚುನಾವಣೆಗಳ ಫಲಿತಾಂಶವನ್ನು ಮತಗಟ್ಟೆವಾರು ಬಿಡಿಸಿ, ಯಾವ ಜನ ಯಾರಿಗೆ ಮತ ಹಾಕಿದರು ಅಂತ ಅಂಕಿಅಂಶ ತಜ್ಞರಿಂದ ಲೆಕ್ಕ ಹಾಕಿಸಬೇಕು. ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಅದೇ ನಕ್ಷೆಯ ಮೇಲೆ ಚುನಾವಣೆ ಮುಗಿದು, ಗೆದ್ದವರು ಕುರ್ಚಿಯಲ್ಲಿ ಕೂತಿರುತ್ತಾರೆ. ಸಣ್ಣ ಕೌಂಟಿಯ ಒಂದು ಮತಗಟ್ಟೆಗಾಗಿ ಇಷ್ಟೆಲ್ಲ ಯಾರು ಮಾಡುತ್ತಾರೆ?

ಮೊದಲೇ ಹಿಡಿಯಬಹುದಾದ ಕೆಲಸ ಒಂದು ಉಳಿದಿತ್ತು. ಸೈನಿಕರಿಗೆ, ಹೊರದೇಶದಲ್ಲಿರುವ ನಾಗರಿಕರಿಗೆ ಫೆಡರಲ್ (ರಾಷ್ಟ್ರಮಟ್ಟದ) ಚುನಾವಣೆಯ ಮತಪತ್ರವನ್ನು ರಾಜ್ಯಗಳು 45 ದಿನ ಮೊದಲೇ ಕಳಿಸಬೇಕು. ಹಾಗಾಗಿ ಸೆಪ್ಟೆಂಬರ್ ಮೂರನೇ ವಾರ ನಾವು ಮತ್ತೆ ಫೋನಿಗೆ ಅಂಟಿಕೊಳ್ಳುತ್ತಿದ್ದೆವು. ‘ಇನ್ನೂ ಪ್ರಿಂಟಾಗ್ತಾ ಇದೆ’ ಅಂತ ಆ ಕಡೆಯಿಂದ ಉತ್ತರ ಬಂದರೆ, ಆ ಸಂಜೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ದಾವೆಯ ಕರಡು ತೆಗೆದು ಕೂರುತ್ತಿದ್ದೆವು.