ಬೈಕಿನ ಗಾಳಿ ತಡೆ ಮನೆಯಲ್ಲೇ ಮಾಡಬಹುದಾ? ಕೈ ಮಟ್ಟಿಗೆ ಹೌದು

ಪ್ರಶ್ನೆ: ದಿನಾ ಬೆಳಿಗ್ಗೆ ಆರೂವರೆಗೆ ಸೋಮವಾರಪೇಟೆಯಿಂದ ಮಡಿಕೇರಿಗೆ ಬೈಕಲ್ಲಿ ಕೆಲಸಕ್ಕೆ ಹೋಗುತ್ತೇನೆ. ಡಿಸೆಂಬರ್ ಬಂತೆಂದರೆ ಬೆರಳು ಮರಗಟ್ಟಿ ಕ್ಲಚ್ ಹಿಡಿಯೋಕೇ ಆಗುವುದಿಲ್ಲ. ಉಲ್ಲನ್ ಗ್ಲೌಸ್ ಹಾಕಿದರೂ ಅಷ್ಟೇ. ಕೈಗೆ ಗಾಳಿ ಬಡಿಯದಂತೆ ಹ್ಯಾಂಡಲ್ ಮುಂದೆ ಕೂರಿಸುವ ಅಂಗಡಿಯ ಹ್ಯಾಂಡ್ ಗಾರ್ಡ್ ನನ್ನ ಹಳೆ ಬೈಕಿಗೆ ಕೂರುತ್ತಿಲ್ಲ. ಪ್ಲಾಸ್ಟಿಕ್ ಕತ್ತರಿಸಿ ನಾನೇ ಮಾಡಿಕೊಳ್ಳಬಹುದಾ? ಗಾಳಿಗೆ ಕಿತ್ತು ಹೋಗುತ್ತಾ?

ಉತ್ತರ: ಧಾರಾಳವಾಗಿ ಮಾಡಿಕೊಳ್ಳಿ. ನಾನೂ ಮಾಡಿಕೊಂಡಿದ್ದೇನೆ. ಎರಡು ಸಲ ಕೆಡಿಸಿ ಮೂರನೇ ಸಲ ಸರಿ ಮಾಡಿದೆ. ಕಿತ್ತು ಹೋದರೆ ಹೋಗಲಿ, ನೂರು ರೂಪಾಯಿಯ ಸಾಮಾನು. ಅರ್ಧ ಕಿತ್ತು ಅಲ್ಲೇ ನೇತಾಡಿದರೆ ಕಷ್ಟ.

ನನ್ನ ಮೊದಲನೆಯದು ಹಾಗೇ ಆಯಿತು. ಐದು ಲೀಟರಿನ ಎಂಜಿನ್ ಆಯಿಲ್ ಕ್ಯಾನಿನ ಚಪ್ಪಟೆ ಭಾಗ ಕತ್ತರಿಸಿ, ಮಿರರ್ ಕಂಬಿಗೆ ಎರಡು ಬಿಳಿ ಕೇಬಲ್ ಟೈ ಹಾಕಿ ಬಿಗಿದಿದ್ದೆ. ಕೆಲವು ವಾರ ಚೆನ್ನಾಗೇ ಇತ್ತು. ಒಂದು ದಿನ ಕುಶಾಲನಗರದಿಂದ ವಾಪಸ್ ಬರುವಾಗ, ಸುಂಟಿಕೊಪ್ಪ ದಾಟಿದ ಮೇಲೆ ಎದುರಿಗೆ ಬಸ್ಸು ಬಂತು. ಬಸ್ಸಿನ ಗಾಳಿ ಹೊಡೆದದ್ದೇ ತಡ, ಒಂದು ಟೈ ಕಟ್ಟಾಯಿತು. ಪ್ಲಾಸ್ಟಿಕ್ ಗರ್ರನೆ ತಿರುಗಿ ಕ್ಲಚ್ ಲಿವರ್‌ಗೂ ಹ್ಯಾಂಡಲ್‌ಗೂ ನಡುವೆ ಬಂದು ಕೂತಿತು. ಕ್ಲಚ್ ಎಳೆದರೆ ಅರ್ಧಕ್ಕೇ ನಿಲ್ಲುತ್ತಿದೆ! ಬ್ರೇಕ್ ಕಡೆಯದ್ದು ಹೀಗಾಗಿದ್ದರೆ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಬಿಳಿ ಟೈ ಬಿಸಿಲಿಗೆ ಬೇಗ ಗರಿಗರಿಯಾಗುತ್ತದೆ, ಕಪ್ಪು ಸ್ವಲ್ಪ ಜಾಸ್ತಿ ಬಾಳುತ್ತದೆ. ಆದರೆ ಈ ಕೆಲಸಕ್ಕೆ ಎರಡೂ ಬೇಡ.

ಗಾಳಿಯ ಲೆಕ್ಕ ಸ್ವಲ್ಪ ನೋಡಿ. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ತುಂಡು ಅಂದುಕೊಳ್ಳೋಣ. 60 ಕಿ.ಮೀ. ವೇಗದಲ್ಲಿ ಅದರ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಅರ್ಧ ಕೆ.ಜಿ. ತೂಕದಷ್ಟು. 80ಕ್ಕೆ ಹೋದರೆ 900 ಗ್ರಾಂ ಹತ್ತಿರ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಟ್ಟಿಯಾಗಿ ಕೂರಿಸಿದರೆ ಇದೇನೂ ದೊಡ್ಡ ಭಾರವಲ್ಲ. ಒಂದೇ ಕಡೆ ಹಿಡಿದಿದ್ದರೆ ಮಾತ್ರ ತಿರುಗಿಯೇ ತಿರುಗುತ್ತದೆ.

ಗ್ಲೌಸ್ ಯಾಕೆ ಸಾಲಲ್ಲ ಅಂದರೆ, ಹೆಣೆದ ಉಲ್ಲನ್ನಿನೊಳಗೆ ಗಾಳಿ ಸಲೀಸಾಗಿ ನುಗ್ಗುತ್ತದೆ. 10 ಡಿಗ್ರಿ ಚಳಿಯಲ್ಲಿ 50 ಕಿ.ಮೀ. ವೇಗದ ಗಾಳಿ ಬಡಿದರೆ ಮೈಗೆ ಐದೂವರೆ ಡಿಗ್ರಿಯ ಚಳಿಯಂತೆ ತಗಲುತ್ತದೆ. ಮಂಜಿಗೆ ಗ್ಲೌಸ್ ಒದ್ದೆಯಾದರಂತೂ ಕೇಳಲೇಬೇಡಿ. ಗಾಳಿ ನಿಲ್ಲಿಸಿದರೆ ನಿಮ್ಮ ಅದೇ ಗ್ಲೌಸ್ ಬೆಚ್ಚಗಾಗುತ್ತದೆ.

ಇನ್ನು ಯಾವ ಪ್ಲಾಸ್ಟಿಕ್? ಎರಡನೇ ಸಲ ನಾನು ಚಂದ ಕಾಣಲಿ ಅಂತ ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್ ಶೀಟ್ ತಂದೆ. ಡ್ರಿಲ್ ಆ ಬದಿಗೆ ಹೊರಬರುವ ಹೊತ್ತಿಗೆ ಚಟ್ ಅಂತ ಬಿರುಕು, ತೂತಿನಿಂದ ಅಂಚಿನವರೆಗೂ. ಪಾಲಿಕಾರ್ಬೊನೇಟ್ ಅನ್ನುವ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ. ನಮ್ಮ ಕೊಡಗಿನ ತೇವ ಗೊತ್ತಲ್ಲ, ಗೋಡೆಗೇ ಬೂಷ್ಟು ಹಿಡಿಯುತ್ತದೆ. ಸರಿಯಾಗಿ ಒಣಗಿಸದೆ ಬಿಸಿ ಮಾಡಿ ಬಗ್ಗಿಸಲು ಹೋದರೆ ಒಳಗೆಲ್ಲ ಗುಳ್ಳೆ ಏಳುತ್ತದೆ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೂ ಅದು ಕೆಡುತ್ತದೆ.

ಕೈಗೆ ಪಾರದರ್ಶಕ ಪ್ಲಾಸ್ಟಿಕ್ ಬೇಕಾಗಿಯೇ ಇಲ್ಲ, ಅಲ್ವಾ? ನನ್ನ ಓಟು 20 ಲೀಟರಿನ ದಪ್ಪ ಕ್ಯಾನಿಗೆ. ಇಂಥ ಕ್ಯಾನು, ನೀಲಿ ಡ್ರಮ್ಮು ಎಲ್ಲ ಸಾಮಾನ್ಯವಾಗಿ ಎಚ್‌ಡಿಪಿಇ ಪ್ಲಾಸ್ಟಿಕ್. ಬಿದ್ದರೆ ಒಡೆಯುವುದಿಲ್ಲ, ಪೆಟ್ರೋಲಿಗೂ ಜಗ್ಗುವುದಿಲ್ಲ. ಕತ್ತರಿಸುವಾಗ ಕ್ಯಾನಿನ ಮೂಲೆಯನ್ನೇ ತೆಗೆದುಕೊಳ್ಳಿ. ಎರಡು ಗೋಡೆ ಸೇರುವ ಆ ಬಾಗು ಮುಷ್ಟಿಯ ಸುತ್ತ ತಾನಾಗಿಯೇ ಕೂರುತ್ತದೆ. ಚಪ್ಪಟೆ ತುಂಡು ಗಾಳಿಗೆ ಪಟಪಟ ಹೊಡೆದುಕೊಂಡರೆ, ಬಾಗಿದ್ದು ಗಟ್ಟಿಯಾಗಿ ನಿಲ್ಲುತ್ತದೆ. ಬಿಸಿ ಮಾಡುವ ಗೋಜೇ ಇಲ್ಲ. ಒಂದು ಮಾತು: ತೋಟದಲ್ಲಿ ಬಿದ್ದಿರುವ ಔಷಧಿ ಕ್ಯಾನ್ ಮಾತ್ರ ಮುಟ್ಟಬೇಡಿ. ಎಷ್ಟು ತೊಳೆದರೂ ವಿಷದ ಅಂಶ ಪ್ಲಾಸ್ಟಿಕ್ಕಿನಲ್ಲಿ ಉಳಿಯಬಹುದು. ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತೀರಿ.

ಮೊದಲು ರಟ್ಟಿನಲ್ಲಿ ಅಳತೆ ಮಾಡಿ. ಗ್ಲೌಸ್ ಹಾಕಿ ಬೈಕ್ ಮೇಲೆ ಕುಳಿತು, ರಟ್ಟನ್ನು ಲಿವರ್ ಮುಂದೆ ಯಾರಾದರೂ ಹಿಡಿಯಲಿ. ಬೆರಳು ಚಾಚಿ ಲಿವರ್ ಹಿಡಿಯುವಾಗ ರಟ್ಟಿಗೆ ತಾಗಬಾರದು. ಅಳತೆ ಸರಿ ಹೋದ ಮೇಲೆ ಹ್ಯಾಕ್ಸಾ ಬ್ಲೇಡಿನಲ್ಲಿ ಕ್ಯಾನ್ ಕತ್ತರಿಸಿ, ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ತೂತು ಕೊರೆಯುವಾಗ ಹಿಂದೆ ಮರದ ತುಂಡು ಇಡಿ. 5 ಮಿ.ಮೀ. ಬೋಲ್ಟಿಗೆ 6 ಮಿ.ಮೀ. ತೂತು ಇರಲಿ, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ. ಎರಡೂ ಬದಿ ಅಗಲದ ವಾಷರ್, ಸಡಿಲವಾಗದ ನೈಲಾಕ್ ನಟ್.

ಕೂರಿಸುವುದು ಎರಡು ಕಡೆ. ಒಂದು, ಮಿರರ್ ಬುಡದಲ್ಲಿ. 3 ಮಿ.ಮೀ. ದಪ್ಪದ ಅಲ್ಯುಮಿನಿಯಂ ಪಟ್ಟಿಗೆ ತೂತು ಮಾಡಿ ಮಿರರ್ ನಟ್ಟಿನ ಕೆಳಗೆ ಸೇರಿಸಿ. ಕೆಲವು ಬೈಕಿನ ಬಲ ಮಿರರಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬಲ ಹಾಕಿ ಮುರಿಯಬೇಡಿ. ಇನ್ನೊಂದು, ಹ್ಯಾಂಡಲ್ ತುದಿಯ ಬೋಲ್ಟಿನಲ್ಲಿ. ತುದಿಯಲ್ಲಿ ಬೋಲ್ಟ್ ಇಲ್ಲದಿದ್ದರೆ ಹ್ಯಾಂಡಲ್ ಕೊಳವೆಗೆ ರಬ್ಬರ್ ಹಾಕಿದ ಕ್ಲಾಂಪ್ ಬಿಗಿಯಿರಿ. ಬಹಳಷ್ಟು ಬೈಕಿನ ಕೊಳವೆ 22 ಮಿ.ಮೀ. ಇರುತ್ತದೆ, ಆದರೂ ಅಳೆದು ತನ್ನಿ.

ಆಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಟ್ಯಾಂಕಿಗೆ ತಾಗಬಾರದು, ಕೇಬಲ್ ಎಳೆಯಬಾರದು. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಟಕ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದರೂ ಬಿಚ್ಚಿ ಸರಿ ಮಾಡಿ. ಹೆಡ್‌ಲೈಟು, ಇಂಡಿಕೇಟರು ಮುಚ್ಚಿರಬಾರದು. ಮೊದಲ ಓಟ ನೇರ ರಸ್ತೆಯಲ್ಲಿ, ನಿಧಾನಕ್ಕೆ. ಹ್ಯಾಂಡಲ್ ನಡುಗಿದರೆ ತುಂಡು ದೊಡ್ಡದಾಯಿತು ಅಂತ ಲೆಕ್ಕ, ಎರಡೂ ಕಡೆ ಒಂದೇ ಅಳತೆಗೆ ಚಿಕ್ಕದು ಮಾಡಿ.

ಇದು ಚೆನ್ನಾಗಿ ಬಂತು ಅಂತ ಮುಖದ ಮುಂದೆಯೂ ಒಂದು ಶೀಟ್ ನಿಲ್ಲಿಸುವ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಬೇಡ. ಬೆಳಗಿನ ಮಂಜಿನಲ್ಲಿ ಅದರ ಮೇಲೆ ಹನಿ ಕೂತು, ಎದುರಿನ ಲೈಟ್ ಬಿದ್ದರೆ ಬರೀ ಬೆಳ್ಳಗೆ ಕಾಣುತ್ತದೆ. ತಿರುವಿನಲ್ಲಿ ಆನೆ ನಿಂತಿದ್ದರೂ ಗೊತ್ತಾಗದು. ಮುಖಕ್ಕೆ ಹೆಲ್ಮೆಟ್ಟಿನ ಗಾಜು ಸಾಕು.

ಮಳೆಗಾಲದಲ್ಲೂ ಹಾಗೇ ಇರಲಿ, ಗ್ಲೌಸ್ ಸ್ವಲ್ಪ ತಡವಾಗಿ ಒದ್ದೆಯಾಗುತ್ತದೆ. ಕೆಳಭಾಗ ತೆರೆದಿರಲಿ, ಇಲ್ಲದಿದ್ದರೆ ಕೆಂಪು ಮಣ್ಣು ಸೇರಿ ಲಿವರ್ ಬಿಗಿಯಾಗುತ್ತದೆ. ವಾರಕ್ಕೊಮ್ಮೆ ನಟ್ ಮುಟ್ಟಿ ನೋಡಿ. ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗುವ ದಿನ ಮಾತ್ರ ಬಿಚ್ಚಿ ಮನೆಯಲ್ಲಿಡಿ. ಅಲ್ಲಿನ ಸೆಕೆಗೆ ಆ ಗಾಳಿಯೇ ಬೇಕು ಅನಿಸುತ್ತದೆ.